ಗುರಾಣಿಯವನ ಸರದಿ

ಜನವರಿ 11

ನಾದಿನಿಗೆ,

ಬಹಳ ದಿನದ ಮೇಲೆ ನನ್ನ ಅಕ್ಷರ ನೋಡಿ ಹುಬ್ಬೇರಿಸುತ್ತೀಯೆಂದು ಗೊತ್ತು. ಕೆಲಸ ಬಿದ್ದಾಗ ಮಾತ್ರ ಅತ್ತಿಗೆಗೆ ನಾನು ನೆನಪಾಗುತ್ತೇನೆ ಎಂದು ನೀನು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ. ಕೆಲಸ ಬಿದ್ದಿದೆ.

ಭಾನುವಾರದ ಆಟ ನಿಂತಿಲ್ಲ. ನಿನ್ನಣ್ಣ ಕಲ್ಪಿಸಿದ ಅದೇ ತೂಗುಸೇತುವೆಗಳ ಊರು, ಸಮುದಾಯ ಭವನದ ಅದೇ ಕೆಳಗಿನ ಕೋಣೆ, ಅದೇ ಕಾಲು ಅಲ್ಲಾಡುವ ಮೇಜು. ಆಡುವವರು ಬೀಗ ರಿಪೇರಿಯವರು, ಟೀಚರಮ್ಮ, ನಿನ್ನಣ್ಣ. ಸೂತ್ರಧಾರಿಕೆ ಈಗ ನನ್ನದು. ಭವನಕ್ಕೆ ಹೊಸ ಮ್ಯಾನೇಜರ್ ಬಂದಿದ್ದಾನೆ. ಹೋದ ವಾರ ಬಾಗಿಲಲ್ಲಿ ನಿಂತು ದಾಳಗಳನ್ನು ನೋಡಿ, "ಇದೇನು, ಜೂಜಾ?" ಅಂದ. ಟೀಚರಮ್ಮ ಅವನನ್ನು ಕೂರಿಸಿಕೊಂಡು ಪಾಠ ಮಾಡಿದರು. ಒಬ್ಬೊಬ್ಬರಿಗೂ ಒಂದೊಂದು ಪಾತ್ರ, ಮೇಜಿನ ಮೇಲೆ ಆ ಪಾತ್ರದ್ದೊಂದು ಕಾಯಿ. ಸೇತುವೆ ಅಲ್ಲಾಡುತ್ತಿದೆ, ಏನು ಮಾಡುತ್ತೀರಿ ಎಂದು ಸೂತ್ರಧಾರರು ಕೇಳುತ್ತಾರೆ. ಆಡುವವರು ಮಾಡುವುದನ್ನು ಹೇಳುತ್ತಾರೆ. ಅದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಎಲ್ಲ ಕೇಳಿಸಿಕೊಂಡು ಅವನು, ಹಾಗಾದರೆ ಗೆಲ್ಲುವವರು ಯಾರು ಎಂದು ಕೇಳಿದ. ಯಾರೂ ಇಲ್ಲ ಅಂದಾಗ ಅವನ ಅನುಮಾನ ಇನ್ನೂ ಹೆಚ್ಚಾಯಿತು.

ಮಾನ್ಯತೆ ಪಡೆದ ಸಂಘದ ಒಪ್ಪಿಗೆ ತಂದರೆ ಮಾತ್ರ ಕೋಣೆ ಕೊಡುತ್ತಾನಂತೆ. ನಿಮ್ಮ ಆಟಗಾರರ ಒಕ್ಕೂಟ ಅಂಥ ಒಪ್ಪಿಗೆ ಕೊಡುತ್ತದೆಂದೂ, ಕೊಡುವ ಪರಿಶೀಲಕರಲ್ಲಿ ನೀನೂ ಒಬ್ಬಳೆಂದೂ ನನಗೆ ಗೊತ್ತು. ನಮ್ಮದು ಮನೆಯಲ್ಲಿ ಹುಟ್ಟಿದ ಆಟ, ನಿಮ್ಮ ಪುಸ್ತಕದ ನಿಯಮಗಳಿಗೆ ಪೂರ್ತಿ ಹೊಂದುವುದಿಲ್ಲ. ಉದಾಹರಣೆಗೆ ನಮ್ಮಲ್ಲಿ ಯಾರೂ ಸಾಯುವುದಿಲ್ಲ. ಸೇತುವೆಯಿಂದ ಬಿದ್ದವರು ಕೆಳಗಿನ ಮಂಜಿನಲ್ಲಿ ಸ್ವಲ್ಪ ದಿನ ಅಲೆದು, ಕುಂಟುತ್ತಾ ವಾಪಸ್ಸು ಬರುತ್ತಾರೆ. ಹಾವೂ ಸಾಯದಂತೆ ಕೋಲೂ ಮುರಿಯದಂತೆ ಏನಾದರೂ ಮಾಡಲಾದೀತೇ ನೋಡು. ಮನೆಯಲ್ಲೇ ಆಡೋಣವೆಂದರೆ ಜಾಗ ಸಾಲದು.

ನಿನ್ನಣ್ಣ ಚೆನ್ನಾಗಿದ್ದಾರೆ. ಮಾತು ಮಾತ್ರ ಸ್ವಲ್ಪ ನಿಧಾನ.

ಅತ್ತಿಗೆ

ಜನವರಿ 20

ಅತ್ತಿಗೆಯವರಿಗೆ,

ನಿಮ್ಮ ಕಾಗದ ತಲುಪಿತು. ಹುಬ್ಬು ಏರಿದ್ದು ನಿಜ.

ಒಕ್ಕೂಟದ ನಿಯಮಗಳನ್ನು ಯಾರನ್ನೋ ಕಾಡಿಸಲು ಮಾಡಿದ್ದಲ್ಲ. ಒಂದೂರಿನ ಮೇಜಿನಲ್ಲಿ ಬೆಳೆದ ಪಾತ್ರ ಇನ್ನೊಂದೂರಿನ ಮೇಜಿನಲ್ಲೂ ಕೂತು ಆಡುವ ಹಾಗಿರಬೇಕು. ಒಂದು ಕಡೆ ಸತ್ತವರು ಕುಂಟುತ್ತಾ ಎದ್ದು ಬಂದು, ಇನ್ನೊಂದು ಕಡೆ ಸತ್ತವರು ಸತ್ತೇ ಹೋದರೆ ಯಾರಿಗೆ ನ್ಯಾಯ? ಹಾಗಾಗಿ ಸಾವೆಂದರೆ ಸಾವೇ. ದಾಳವನ್ನು ಎಲ್ಲರ ಕಣ್ಣೆದುರಿಗೆ ಎಸೆಯಬೇಕು. ಇನ್ನು ಮುಖ್ಯವಾದದ್ದು: ತನ್ನ ಸರದಿಯಲ್ಲಿ ಏನು ಮಾಡುತ್ತೇನೆಂಬುದನ್ನು ಆಟಗಾರನೇ ತಿಳಿಸಬೇಕು. ಒಬ್ಬರ ಪರವಾಗಿ ಇನ್ನೊಬ್ಬರು, ಅದರಲ್ಲೂ ಸೂತ್ರಧಾರರು, ಬಾಯಿ ಹಾಕುವಂತಿಲ್ಲ. ಊರು, ಸೇತುವೆ, ಮಂಜು ಎಲ್ಲ ನಿಮ್ಮದೇ ಇರಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಇನ್ನು ನನ್ನ ಅನುಮಾನಗಳು. ಆ ಊರನ್ನು ಕಲ್ಪಿಸಿದವನು ಅಣ್ಣ. ಯಾವ ಸೇತುವೆಯ ಯಾವ ಹಲಗೆ ಕೊಳೆತು ಲಡ್ಡಾಗಿದೆ ಎಂಬುದು ಅವನಿಗೆ ಬಾಯಿಪಾಠ. ಹಾಗಿರುವಾಗ ಸೂತ್ರಧಾರಿಕೆ ನಿಮ್ಮ ಕೈಗೆ ಹೇಗೆ ಬಂತು? ಅವನು ಕೊಟ್ಟನೋ, ನೀವು ತೆಗೆದುಕೊಂಡಿರೋ? ಫೋನ್ ಮಾಡಿದರೆ ಅಂಗಡಿಗೆ ಗಿರಾಕಿ ಬಂದರೆಂದು ಇಟ್ಟುಬಿಡುತ್ತೀರಿ. ನಿಮ್ಮ ಊರಿನಲ್ಲಿ ಎಲ್ಲರ ಕಣ್ಣೂ ಒಂದೇ ಸಲ ಮಂಜಾಗಿ ಕನ್ನಡಕದ ಅಂಗಡಿಗೆ ನುಗ್ಗಿದ ಹಾಗೆ. ಬರುತ್ತೇನೆಂದರೆ ಈಗ ಬೇಡ ಅನ್ನುತ್ತೀರಿ. ಮಾತು "ಸ್ವಲ್ಪ" ನಿಧಾನ ಎಂದರೆ ಎಷ್ಟು? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡಿ.

ಇಲ್ಲಿ ಮಾತಿನ ಚಿಕಿತ್ಸೆ ಕೊಡುವ ಒಳ್ಳೆಯ ವೈದ್ಯೆಯೊಬ್ಬರಿದ್ದಾರೆ. ಆರು ತಿಂಗಳ ಹಿಂದೆಯೇ ಹೇಳಿದ್ದೆ, ನೀವು ಉತ್ತರ ಕೊಡಲಿಲ್ಲ. ಅಣ್ಣನಿಂದಲೇ ಎರಡು ಸಾಲು ಬರೆಸಿ ಕಳಿಸಿ. ಆಮೇಲೆ ಒಪ್ಪಿಗೆಯ ಮಾತು.

ನಾದಿನಿ

ಫೆಬ್ರವರಿ 2

ನಾದಿನಿಗೆ,

ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಮಾಡಿ ನಿನಗೆ ಕುಡಿಯುವ ನೀರಿನ ಮೇಲೂ ನಂಬಿಕೆ ಹೋಗಿದೆ. ಅನುಮಾನ ಪಡುವುದಕ್ಕೇ ಸಂಬಳ ತೆಗೆದುಕೊಳ್ಳುವವಳು, ಮನೆಯವರನ್ನು ಬಿಡುತ್ತೀಯಾ?

ಸೂತ್ರಧಾರಿಕೆಯನ್ನು ನಾನು ಕಿತ್ತುಕೊಳ್ಳಲಿಲ್ಲ. ಎಲ್ಲರಿಗೂ ಗಟ್ಟಿಯಾಗಿ ವಿವರಿಸಿ ಹೇಳುವುದು ಅವರಿಗೆ ಆಯಾಸ. ಅದಕ್ಕೆ ಅವರು ಈಗ ಗುರಾಣಿ ಹಿಡಿದವನ ಪಾತ್ರ. ತಂಡದ ಹಿಂದೆ ನಿಂತು ಎಲ್ಲರನ್ನೂ ಕಾಯುವುದು ಅವನ ಕೆಲಸ. ಅಪಾಯವೂ ಕಡಿಮೆ, ಅವರಿಗೂ ಇಷ್ಟ.

ಲಕ್ವ ಹೊಡೆದ ಬಲಗೈ ಇನ್ನೂ ಸರಿಯಾಗಿಲ್ಲ, ಅದಕ್ಕೆ ಬರೆಯಲಾರರು. ಅವರು ಹೇಳಿದ್ದನ್ನು ನಾನು ಬರೆದಿದ್ದೇನೆ: "ತಂಗಿಗೆ ಆಶೀರ್ವಾದ. ನಾನು ಆರಾಮವಾಗಿದ್ದೇನೆ. ಆಟಕ್ಕೆ ಬೇಗ ಒಪ್ಪಿಗೆ ಕೊಡು. ಚಿಕಿತ್ಸೆಗೆ ಅಷ್ಟು ದೂರ ಬರಲು ನನಗೆ ಮನಸ್ಸಿಲ್ಲ."

ಸಾಕೇ?

ಅತ್ತಿಗೆ

ಫೆಬ್ರವರಿ 12

ಅತ್ತಿಗೆಯವರಿಗೆ,

ಅಣ್ಣನ ಆಶೀರ್ವಾದ ತಲುಪಿತು. ಹುಟ್ಟಿದಂದಿನಿಂದ ಇವತ್ತಿನವರೆಗೆ ಅವನು ನನಗೆ ಆಶೀರ್ವಾದ ಮಾಡಿದ್ದು ಇದೇ ಮೊದಲು. ನನ್ನ ಮದುವೆಯಲ್ಲಿ ಕಾಲಿಗೆ ಬಿದ್ದಾಗಲೂ, "ಏಳು, ಸೊಂಟ ಹಿಡಿದುಕೊಂಡರೆ ಗಂಡನ ಮನೆಯವರು ನಮ್ಮನ್ನ ಬೈತಾರೆ" ಅಂದವನು ಅವನು. ಕಾಯಿಲೆ ಬಿದ್ದ ಮೇಲೆ ಮನುಷ್ಯ ಇಷ್ಟು ಬದಲಾಗುತ್ತಾನೋ ಏನೋ. ನಾನು ವೈದ್ಯಳಲ್ಲ.

ನಿಮ್ಮ ಮೇಜಿಗೆ ಮೂರು ಭಾನುವಾರಗಳ ಮಟ್ಟಿಗೆ ತಾತ್ಕಾಲಿಕ ಒಪ್ಪಿಗೆ ಕೊಟ್ಟಿದ್ದೇನೆ. ಮ್ಯಾನೇಜರಿಗೆ ತೋರಿಸಿ. ಮೂರು ಭಾನುವಾರವೂ ನಿಯಮದ ಪ್ರಕಾರ ಆಡಿದಿರೆಂದು ಗೊತ್ತಾದರೆ ಒಪ್ಪಿಗೆ ಕಾಯಂ ಆಗುತ್ತದೆ. ಹೇಗೆ ಗೊತ್ತಾಗುತ್ತದೆ ಎಂದು ಕೇಳಬೇಡಿ. ಅದು ಒಕ್ಕೂಟಕ್ಕೆ ಬಿಟ್ಟ ವಿಷಯ.

ಗುರಾಣಿಯವನ ಪಾತ್ರವನ್ನು ಅಣ್ಣನೇ ಆರಿಸಿಕೊಂಡನೇ? ಸುಮ್ಮನೆ ಕೇಳಿದೆ. ಮೊದಲೆಲ್ಲ ಅವನು ಆಟಗಾರನಾಗಿ ಕೂತರೆ ಕಳ್ಳನ ಪಾತ್ರ ಬಿಟ್ಟು ಬೇರೆ ಯಾವುದನ್ನೂ ಮುಟ್ಟುತ್ತಿರಲಿಲ್ಲ.

ನಾದಿನಿ

ಮಾರ್ಚ್ 3

ನಾದಿನಿಗೆ,

ಒಂದು ವಿಷಯ ನೇರವಾಗಿ ಕೇಳುತ್ತೇನೆ. ಆ ಪಶುವೈದ್ಯರನ್ನು ಕಳಿಸಿದ್ದು ನೀನೇ ತಾನೇ?

ಮೊದಲ ಭಾನುವಾರ ಬಂದರು. ಬಿಳಿ ಮೀಸೆ, ಸೋಪಿನ ವಾಸನೆ, ತೋಳಿನ ಮೇಲೆ ಬೆಕ್ಕು ಪರಚಿದ ಗೆರೆಗಳು. ಭವನದ ಬೋರ್ಡು ನೋಡಿ ಬಂದೆ, ಹೊಸಬ, ಸೇರಿಸಿಕೊಳ್ಳುತ್ತೀರಾ ಎಂದರು. ಬೀಗದವರಿಗೆ ಒಳ್ಳೆಯ ಮನಸ್ಸು, ಕುರ್ಚಿ ಎಳೆದುಕೊಟ್ಟರು. ನನಗೆ ಆಗಲೇ ಮೂಗಿಗೆ ಬಡಿಯಿತು. ಹೊಸಬರು ಮೊದಲು ದಾಳವನ್ನು ಎತ್ತಿ ತಿರುಗಿಸಿ ನೋಡುತ್ತಾರೆ. ಇವರು ದಾಳವನ್ನು ನೋಡಲೇ ಇಲ್ಲ, ನಿನ್ನಣ್ಣನನ್ನು ನೋಡುತ್ತಾ ಕೂತರು. ಆಟದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಇವರಿಗೆ ಎಷ್ಟು ವರ್ಷವಾಯಿತು, ಕಾಯಿಲೆ ಯಾವಾಗ ಬಂತು, ಔಷಧಿ ಏನು ಎಂದು ಟೀಚರಮ್ಮನ ಕಿವಿಯಲ್ಲಿ ಕೇಳಿದ್ದಾರೆ. ಆಟ ಕಲಿಯಲು ಬಂದವರಿಗೆ ನನ್ನ ಗಂಡನ ಔಷಧಿ ಯಾಕೆ?

ಎರಡನೆಯ ಭಾನುವಾರ ನಾನೇ ಬಲೆ ಹಾಕಿದೆ. ಬೇಕೆಂದೇ ಬೀಗದವರ ದಾಳದ ಲೆಕ್ಕವನ್ನು ತಪ್ಪಾಗಿ ಹೇಳಿದೆ. ವೈದ್ಯರು ಟೀ ಕುಡಿಯುತ್ತಿದ್ದವರು ಥಟ್ಟನೆ, "ಅಲ್ಲ, ಹಾಗಿಲ್ಲ ಅದು" ಎಂದು ಸರಿಯಾದ ನಿಯಮ ಹೇಳಿಬಿಟ್ಟರು. ಹೇಳಿದ ಮೇಲೆ ಲೋಟದೊಳಗೆ ಮುಖ ಮುಚ್ಚಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಎಷ್ಟು ವರ್ಷದಿಂದ ಆಡುತ್ತಿದ್ದೀರಿ ಎಂದು ಕೇಳಿದೆ. ಬಿಸ್ಕತ್ತು ಚೆನ್ನಾಗಿದೆ ಎಂದರು. ಅದು ಮೆತ್ತಗಾದ ಬಿಸ್ಕತ್ತು.

ಗುರಾಣಿಯವನು ಸೇತುವೆಯ ಮೆಟ್ಟಿಲ ಹತ್ತಿರ ನಿಂತು ಕಾಯುತ್ತಾನೆ ಎಂದು ನಾನು ಹೇಳಿದಾಗ ಅವರು ನನ್ನನ್ನು ನೋಡಿದ ನೋಟ ನನಗೆ ಹಿಡಿಸಲಿಲ್ಲ. ಮನೆಗೆ ಬರುವಾಗ ದಾರಿಯುದ್ದಕ್ಕೂ ನಿನ್ನಣ್ಣನಿಗೆ ಹೇಳಿದೆ, ನಿಮ್ಮ ತಂಗಿ ನಮ್ಮ ಮೇಲೆ ಬೇಹುಗಾರರನ್ನು ಬಿಟ್ಟಿದ್ದಾಳೆ ಅಂತ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡಲಿ?

ಅತ್ತಿಗೆ

ಮಾರ್ಚ್ 9

ಅತ್ತಿಗೆ,

ಹೌದು, ಕಳಿಸಿದ್ದು ನಾನೇ. ಒಕ್ಕೂಟದಲ್ಲಿ ಹಳಬರು ಅವರು. ಕಳಿಸಿದ್ದಕ್ಕೆ ನಾಚಿಕೆಯಿತ್ತು, ಮೊನ್ನೆಯವರೆಗೆ. ಈಗ ಇಲ್ಲ.

ಮೊನ್ನೆ ಅವರು ಫೋನ್ ಮಾಡಿದ್ದರು. ಮೊದಲು ಆಟದ ವಿಚಾರ ಹೇಳಿದರು. ಸೂತ್ರಧಾರರು ಚೆನ್ನಾಗಿ ನಡೆಸುತ್ತಾರೆ, ಊರು ಬಹಳ ಸೊಗಸಾಗಿದೆ ಎಂದರು. ಆಮೇಲೆ, "ನಿಮ್ಮಣ್ಣಂಗೆ ಮಾತು ಪೂರ್ತಿ ಹೋಗಿದೆ ಅಂತ ನೀವು ಹೇಳಲೇ ಇಲ್ಲವಲ್ಲಮ್ಮ" ಅಂದರು.

ನನ್ನ ಒಡಹುಟ್ಟಿದವನ ವಿಷಯವನ್ನು ನಾನು ನಾಯಿ ಬೆಕ್ಕಿನ ಡಾಕ್ಟರಿಂದ ತಿಳಿಯಬೇಕಾಯಿತು. ಆಸ್ಪತ್ರೆಯಲ್ಲಿ ನಿಂತಿದ್ದ ಮಾತು ಆಮೇಲೆ ಮರಳಿದೆ ಎಂದೇ ನಂಬಿದ್ದೆ, ಒಂದು ಪದವೂ ಇಲ್ಲವಂತೆ. ಅವನ ಸರದಿ ಬಂದಾಗ ಅವನು ನಿಮ್ಮ ಮುಖ ನೋಡುತ್ತಾನಂತೆ, ನೀವು ಅವನು ಏನು ಮಾಡಿದನೆಂದು ಹೇಳುತ್ತೀರಂತೆ, ದಾಳವನ್ನೂ ನೀವೇ ಎಸೆಯುತ್ತೀರಂತೆ. ಹಾಗಾದರೆ ಆ ಆಶೀರ್ವಾದ ಯಾರದು? "ಮನಸ್ಸಿಲ್ಲ" ಎಂದದ್ದು ಯಾರ ಬಾಯಿ? ವರ್ಷದ ಮೇಲಾಯಿತು, ಅಣ್ಣ ಹೇಗಿದ್ದಾನೆ ಎಂದು ಕೇಳಿದಾಗಲೆಲ್ಲ ಚೆನ್ನಾಗಿದ್ದಾರೆ ಎಂದಿರಿ. ನಾನು ಇಲ್ಲಿ ಅವನಿಗೆ ನನ್ನ ಮೇಲೆ ಕೋಪ, ಅದಕ್ಕೇ ಫೋನಿಗೆ ಬರುತ್ತಿಲ್ಲ ಅಂದುಕೊಂಡು ಇದ್ದೆ.

ಯಾಕೆ ಮುಚ್ಚಿಟ್ಟಿರಿ? ಅಂಗಡಿ ಈಗ ನೀವೇ ನಡೆಸುತ್ತೀರಿ, ಆಟ ನೀವೇ ನಡೆಸುತ್ತೀರಿ, ಅವನನ್ನೂ ನೀವೇ ನಡೆಸುತ್ತೀರಿ. ಎಲ್ಲ ನಿಮಗೆ ಅನುಕೂಲವಾಗಿದೆ ಎಂದು ನನಗೆ ಅನಿಸಿದರೆ ತಪ್ಪೇ?

ನಿಯಮದ ಪ್ರಕಾರ ನಿಮ್ಮ ಮೇಜಿನ ಒಪ್ಪಿಗೆ ರದ್ದಾಗಬೇಕು. ರದ್ದು ಮಾಡಬೇಕಾದವಳು ನಾನು. ಇನ್ನೂ ಮಾಡಿಲ್ಲ. ಯಾಕೆ ಮಾಡಿಲ್ಲ ಎಂದು ನನಗೂ ಗೊತ್ತಿಲ್ಲ.

ನಾದಿನಿ

ಮಾರ್ಚ್ 15

ನಾದಿನಿಗೆ,

ಅನುಕೂಲ. ಆ ಮಾತನ್ನು ಓದಿ, ಮಡಿಸಿಟ್ಟು, ಒಬ್ಬರ ಕಣ್ಣು ಪರೀಕ್ಷೆ ಮಾಡಿ ಬಂದು, ಮತ್ತೆ ಓದಿದೆ. ಅದು ಅನುಕೂಲ ಎಂದೇ ಇತ್ತು.

ಯಾಕೆ ಮುಚ್ಚಿಟ್ಟೆ ಎಂದು ಕೇಳಿದ್ದೀಯ. ಆಸ್ಪತ್ರೆಯ ಕಾರಿಡಾರಿನಲ್ಲಿ ನೀನು ನಿನ್ನ ಗಂಡನಿಗೆ ಹೇಳಿದ ಮಾತು ನೆನಪಿದೆಯಾ? ನೀರಿನ ಬಾಟಲಿ ತುಂಬಿಸಿಕೊಂಡು ನಾನು ನಿಮ್ಮ ಹಿಂದೆಯೇ ಇದ್ದೆ. "ಇವಳ ಕೈಲಾಗಲ್ಲ ರೀ, ಅಣ್ಣನ್ನ ನಾನೇ ಕರ್ಕೊಂಡು ಹೋಗಿ ಇಟ್ಕೋತೀನಿ" ಅಂದೆ. ಇಟ್ಟುಕೊಳ್ಳಲು ಅವರೇನು ಪೆಟ್ಟಿಗೆಯೇ? ಅವತ್ತೇ ನಿಶ್ಚಯ ಮಾಡಿದೆ, ನನ್ನ ಕೈಲಾಗುತ್ತದೆಂದು ತೋರಿಸಬೇಕು ಅಂತ. ಮಾತು ಇವತ್ತು ಬರುತ್ತದೆ, ನಾಳೆ ಬರುತ್ತದೆ, ಬಂದ ದಿನ ಅವರ ಬಾಯಲ್ಲೇ ನಿನಗೆ ಫೋನ್ ಮಾಡಿಸುತ್ತೇನೆ ಎಂದುಕೊಂಡೆ. ಬರಲಿಲ್ಲ. ಹೇಳದೆ ತಿಂಗಳುಗಳು ಕಳೆದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಮನೆಯಲ್ಲಿ ಜಾಗ ಸಾಲದು ಎಂದದ್ದೂ ಸುಳ್ಳೇ. ಭಾನುವಾರ ಮಧ್ಯಾಹ್ನ ಮಾತ್ರ ಅವರು ತಾವಾಗಿಯೇ ಇಸ್ತ್ರಿ ಅಂಗಿ ತೆಗೆದು ಮಂಚದ ಮೇಲೆ ಇಡುತ್ತಾರೆ. ಒಂದು ಕೈಯಲ್ಲಿ ಶೂ ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ, ಆದರೂ ನನ್ನನ್ನು ಹತ್ತಿರ ಬಿಡುವುದಿಲ್ಲ. ಬೇರೆ ದಿನ ಬೀದಿಗೆ ಇಳಿಯುವುದಿಲ್ಲ. ಗುರುತಿನವರು ಮಾತಾಡಿಸುತ್ತಾರೆಂಬ ಹೆದರಿಕೆ. ಆ ಕೋಣೆ ಹೋದರೆ ಆ ಅಂಗಿಯೂ ಬೀರುವಿನಲ್ಲೇ ಇರುತ್ತದೆ. ಅದಕ್ಕೇ ನಿನ್ನ ಬಾಗಿಲು ತಟ್ಟಿದ್ದು. ಬೇರೆ ದಾರಿಯಿದ್ದರೆ ಖಂಡಿತ ತಟ್ಟುತ್ತಿರಲಿಲ್ಲ.

ಹೋದ ವಾರ ಆಟ ನಡೆಯಲಿಲ್ಲ, ಮೂರನೆಯ ಭಾನುವಾರ ಬಾಕಿಯಿದೆ. ನಿನ್ನ ವೈದ್ಯರು ಬರಲಿ, ಮುಸುಕು ತೆಗೆದೇ ಬರಲಿ. ನಿನ್ನ ನಿಯಮದಂತೆಯೇ ಆಡಿಸುತ್ತೇನೆ. ಅವರ ಸರದಿಯಲ್ಲಿ ನಾನು ತುಟಿ ಬಿಚ್ಚುವುದಿಲ್ಲ. ಎಲ್ಲರೆದುರು ಅವರು ತಲೆ ತಗ್ಗಿಸಿ ಕೂರುವಂತಾದರೆ, ಅದನ್ನು ನೀನು ತಿಳಿದುಕೊಂಡಿರಬೇಕು. ಅಷ್ಟೇ.

ಅತ್ತಿಗೆ

ಮಾರ್ಚ್ 30

ಅತ್ತಿಗೆ,

ಭಾನುವಾರ ಕಳೆದು ವಾರವಾಯಿತು. ನಿಮ್ಮಿಂದ ಕಾಗದವಿಲ್ಲ. ವೈದ್ಯರಿಗೆ ಫೋನ್ ಮಾಡಿದರೆ, "ನಿಮ್ಮತ್ತಿಗೇನೇ ಬರೀತಾರೆ, ಅವರನ್ನೇ ಕೇಳಿ" ಅಂದು ಇಟ್ಟುಬಿಟ್ಟರು. ನಾನು ಕಳಿಸಿದ ಮನುಷ್ಯ ನಿಮ್ಮ ಕಡೆ ಸೇರಿಕೊಂಡ ಹಾಗಿದೆ. ಏನು ಮಾಡಿದಿರಿ ಅವರಿಗೆ? ಅಣ್ಣನಿಗೆ ಏನಾದರೂ ಆಯಿತೇ?

ಕಾರಿಡಾರಿನ ಮಾತು ನಿಮಗೆ ಕೇಳಿಸಿತೆಂದು ನನಗೆ ಗೊತ್ತಿರಲಿಲ್ಲ. ಅದಕ್ಕೆ ಏನು ಬರೆಯಬೇಕೆಂದು ತಿಳಿಯದೆ ಮೂರು ಹಾಳೆ ಹರಿದೆ. ಮೊದಲು ಅಲ್ಲಿ ಏನಾಯಿತೆಂದು ತಿಳಿಸಿ.

ನಾದಿನಿ

ಏಪ್ರಿಲ್ 6

ನಾದಿನಿಗೆ,

ತಡವಾಗಿದ್ದು ಹಟದಿಂದಲ್ಲ. ಆದದ್ದನ್ನು ನನ್ನ ಮಾತಿನಲ್ಲಿ ತಿರುಚದೆ ಬರೆಯಬೇಕು ಎಂದು ತಡೆದೆ.

ವೈದ್ಯರು ಬಂದವರೇ ತಾವು ಒಕ್ಕೂಟದವರೆಂದು ಎಲ್ಲರಿಗೂ ಹೇಳಿ, ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳಿದರು. ಟೀಚರಮ್ಮ ಮುಖ ತಿರುಗಿಸಿದರು. ಆಟದಲ್ಲಿ ತಂಡ ಉತ್ತರದ ಸೇತುವೆಯ ತಲೆಗೆ ಬಂದು ನಿಂತಿತ್ತು. ಲಡ್ಡು ಹಿಡಿದ ಹಲಗೆಗಳು, ಆಚೆ ದಡದಲ್ಲಿ ಬೆಂಕಿ, ಹಿಂದೆ ಅಟ್ಟಿಸಿಕೊಂಡು ಬರುತ್ತಿರುವವರು. ಮಿಕ್ಕವರು ಆಡಿದ ಮೇಲೆ ಗುರಾಣಿಯವನ ಸರದಿ ಬಂತು. ಅವರು ಎಂದಿನಂತೆ ನನ್ನ ಮುಖ ನೋಡಿದರು. ನಾನು ನನ್ನ ಕೈ ನೋಡಿಕೊಂಡು ಕೂತೆ.

"ಅವರಿಗೆ ಮಾತು ಬರಲ್ಲ ಸ್ವಾಮಿ, ಎಷ್ಟು ಹೊತ್ತು ಅಂತ ಕೂರೋದು?" ಎಂದು ಬೀಗದವರು ಕೇಳಿದರು.

"ನನ್ನ ರೋಗಿಗಳಲ್ಲಿ ಯಾರಿಗೂ ಮಾತು ಬರಲ್ಲ," ಅಂದರು ವೈದ್ಯರು. "ಕಾಯೋದು ನನಗೆ ಅಭ್ಯಾಸ ಇದೆ."

ಪ್ರಾಣಿಗಳಿಗೆ ಹೋಲಿಸಿದರಲ್ಲ ಎಂದು ನನಗೆ ರೇಗಿತು. ಆದರೆ ತುಟಿ ಬಿಚ್ಚುವುದಿಲ್ಲ ಎಂದು ನಿನಗೆ ಬರೆದುಕೊಟ್ಟಿದ್ದೆ. ಕಾದೆವು. ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರೋ ಕುರ್ಚಿ ಎಳೆಯುತ್ತಿದ್ದರು. ಅವರ ಹಣೆಯಲ್ಲಿ ಬೆವರು ಮೂಡಿತು. ಒರೆಸೋಣವೆಂದು ನನ್ನ ಕೈ ಎದ್ದಿತು, ಮತ್ತೆ ಕೆಳಗಿಟ್ಟೆ. ಮಾತು ಬೆಳ್ಳಿ ಮೌನ ಬಂಗಾರ ಎಂದು ಗಾದೆ ಮಾಡಿದವರು ಅಂಥ ಮೌನದಲ್ಲಿ ಒಂದು ಸಲವೂ ಕೂತಿರಲಾರರು.

ಆಮೇಲೆ ಅವರ ಎಡಗೈ ಮೇಜಿನ ಮೇಲೆ ಬಂತು. ಎಲ್ಲರ ಹಿಂದೆ ನಿಲ್ಲಿಸಿದ್ದ ತಮ್ಮ ಕಾಯಿಯನ್ನು ಹಿಡಿದರು. ಬೀಳಿಸುತ್ತಾರೇನೋ ಅಂದುಕೊಂಡೆ. ಅದಕ್ಕೆ ಅಂಟಿಸಿದ್ದ ರಟ್ಟಿನ ಗುರಾಣಿಯನ್ನು ಉಗುರಿನಲ್ಲಿ ಕಿತ್ತು, ಟೀಚರಮ್ಮನ ಕಾಯಿಯ ಮುಂದೆ ಇಟ್ಟರು. ಬರಿಗೈಯ ಕಾಯಿಯನ್ನು ಎಲ್ಲರನ್ನೂ ದಾಟಿಸಿ ಸೇತುವೆಯ ಮಧ್ಯಕ್ಕೆ ಒಯ್ದು ನಿಲ್ಲಿಸಿದರು. ನನ್ನ ಬಾಯಿಂದ "ಅಲ್ಲ, ಅವರು ಹಾಗೆ" ಎಂದು ಹೊರಟೇಬಿಟ್ಟಿತ್ತು, ಟೀಚರಮ್ಮ ಮೊಣಕೈಯಿಂದ ತಿವಿದರು. ದಾಳವನ್ನೂ ಅವರೇ ಎಸೆದರು, ಎಡಗೈಯಲ್ಲಿ. ಇಪ್ಪತ್ತು ಮುಖದ ದಾಳದಲ್ಲಿ ಬಿದ್ದದ್ದು ಎರಡು.

ನಮ್ಮ ನಿಯಮವಾಗಿದ್ದರೆ ಕುಂಟುತ್ತಾ ವಾಪಸ್ಸು ಬರುತ್ತಿದ್ದ. ಇದು ನಿನ್ನ ನಿಯಮ. ಹಲಗೆ ಮುರಿಯಿತು, ಗುರಾಣಿಯವನು ಬಿದ್ದ, ಸತ್ತ ಎಂದು ನಾನೇ ಹೇಳಬೇಕಾಯಿತು. ಆಗ ಅವರು ನಕ್ಕರು. ತುಟಿಯಂಚಿನ ನಗುವಲ್ಲ, ಹೊಟ್ಟೆಯಿಂದ ಬಂದ ನಗು, ಕುರ್ಚಿ ಕಿರುಗುಟ್ಟುವಂಥದ್ದು. ಆಸ್ಪತ್ರೆಗೆ ಸೇರಿದ ದಿನದಿಂದ ನಾನು ಆ ಸದ್ದು ಕೇಳಿರಲಿಲ್ಲ. ನಗುತ್ತಲೇ ಕಾಯಿಯನ್ನು ಮಲಗಿಸಿ, ಹೊಸ ಪಾತ್ರ ಬರೆಯುವ ಖಾಲಿ ಹಾಳೆಗೆ ಕೈ ಚಾಚಿದರು.

ಗುರಾಣಿಯವನನ್ನು ಅವರು ಆರಿಸಿಕೊಂಡಿರಲಿಲ್ಲ. ನೀನು ಕೇಳಿದ್ದೆ. ಆರಿಸಿದವಳು ನಾನು. ಮಾತು ಹೋದವರು ಹಿಂದೆಯೇ ಇರಲಿ, ಯಾರ ಕಣ್ಣಿಗೂ ಬೀಳದಿರಲಿ ಎಂದು ನನಗೆ ಅನಿಸಿತ್ತು. ಪಾಪ, ವರ್ಷದುದ್ದಕ್ಕೂ ಅವರು ನನ್ನ ಭಯ ಹೊತ್ತುಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದರು.

ಚಿಕಿತ್ಸೆಯ ವಿಷಯವನ್ನೂ ಬರೆದುಬಿಡುತ್ತೇನೆ. ನಾನು ಅವರನ್ನು ಕೇಳಿದ್ದು ನಿಜ. ಆದರೆ ನಾನು ಕೇಳುತ್ತಿದ್ದ ರೀತಿ ಹೀಗಿತ್ತು: "ಅಷ್ಟು ದೂರ ಹೋಗೋದು ಬೇಡ ಅಲ್ವಾ?" ಅವರು ತಲೆಯಾಡಿಸುತ್ತಿದ್ದರು. ಅದು ಹೌದೋ ಅಲ್ಲವೋ ಎಂದು ನಿಲ್ಲುವ ಮೊದಲೇ ನಾನು ಅಡುಗೆಮನೆಯಲ್ಲಿರುತ್ತಿದ್ದೆ. ಮೊನ್ನೆ ಎದುರಿಗೆ ಕೂತು, "ತಂಗಿ ಊರಿಗೆ ಹೋಗ್ತೀರಾ?" ಎಂದಷ್ಟೇ ಕೇಳಿ ಬಾಯಿ ಮುಚ್ಚಿದೆ. ಅವರು ಎದ್ದುಹೋಗಿ ಬೀರುವಿನ ಮೇಲಿನ ಬ್ಯಾಗನ್ನು ಎಳೆದರು. ಜೊತೆಗೆ ಹಳೆಯ ಪೇಪರಿನ ರಾಶಿಯೂ ತಲೆಯ ಮೇಲೆ ಬಿತ್ತು. ಪೇಪರಿನ ನಡುವೆ ಬ್ಯಾಗು ಹಿಡಿದುಕೊಂಡು ನನ್ನನ್ನೇ ನೋಡುತ್ತಾ ನಿಂತರು.

ವೈದ್ಯೆಯ ಹತ್ತಿರ ದಿನ ಗೊತ್ತು ಮಾಡು.

ಅತ್ತಿಗೆ

ಏಪ್ರಿಲ್ 14

ಪ್ರೀತಿಯ ಅತ್ತಿಗೆ,

ಬ್ಯಾಗು ತಾನಾಗಿ ಬಿದ್ದದ್ದಕ್ಕೆ ನೀವು ಅರ್ಥ ಕಟ್ಟಿಲ್ಲ ತಾನೇ? ಕೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ, ಅದಕ್ಕೆ ಕೇಳಿದೆ. ಬೈಯಬೇಡಿ. ಕಾಗದವನ್ನು ನಾನು ಆಫೀಸಿನಲ್ಲಿ ಓದಿದೆ, ಓದಬಾರದಿತ್ತು. ಪಕ್ಕದವರು ಏನಾಯಿತೆಂದು ಕೇಳಿದರು. ನಮ್ಮಣ್ಣ ಸೇತುವೆಯಿಂದ ಬಿದ್ದು ಸತ್ತ ಎಂದು ಹೇಳಿ ನಕ್ಕೆ. ಅವರು ಗಾಬರಿಯಾದರು.

ನಿಮ್ಮ ಮೇಜಿನ ವಿಷಯವನ್ನು ಒಕ್ಕೂಟದ ಸಭೆಯಲ್ಲಿಟ್ಟೆ. ತಿಳಿಸುವುದೆಂದರೆ ಬಾಯಿಂದಲೇ ತಿಳಿಸಬೇಕೆಂದಿಲ್ಲ, ಕೈಯಿಂದ, ಕಣ್ಣಿಂದ, ಕಾಯಿ ಸರಿಸಿ ತಿಳಿಸಿದರೂ ಸಾಕೆಂದು ಒಪ್ಪಿಸಲು ಇಡೀ ಮಧ್ಯಾಹ್ನ ಹಿಡಿಯಿತು. ಪಶುವೈದ್ಯರು ಫೋನಿನಲ್ಲೇ ನಿಮ್ಮ ಪರ ಜಗಳವಾಡಿದರು. ಆದರೆ ಮಂಜಿನಿಂದ ಕುಂಟುತ್ತಾ ಬರುವವರನ್ನು ಮಾತ್ರ ಸಭೆ ಒಪ್ಪಲಿಲ್ಲ. ನಾನೂ ಹೆಚ್ಚು ವಾದಿಸಲಿಲ್ಲ. ಒಪ್ಪಿಗೆ ಕಾಯಂ ಆಗಿದೆ. ಮ್ಯಾನೇಜರಿಗೆ ಇನ್ನೂ ಜೂಜಿನ ಅನುಮಾನವಿದ್ದರೆ ಟೀಚರಮ್ಮನನ್ನೇ ಬಿಡಿ.

ವೈದ್ಯೆ ಮುಂದಿನ ತಿಂಗಳ ಮೊದಲ ವಾರ ಬರಹೇಳಿದ್ದಾರೆ. ಕಾರಿಡಾರಿನಲ್ಲಿ ನಾನು ಆಡಿದ ಮಾತು ನನ್ನ ಹೆದರಿಕೆಯ ಮಾತು. ನಿಮ್ಮ ಕೈಲಾಗದು ಎಂದದ್ದು ಸುಳ್ಳು. ಅಂಗಡಿಗೆ ಬೀಗ ಹಾಕಿ ನೀವೂ ಬನ್ನಿ.

ನಿಮ್ಮ ನಾದಿನಿ

ಏಪ್ರಿಲ್ 21

ನಾದಿನಿ,

ಬೀಗದವರು ಜೊತೆಗೆ ಬಂದು ಬಿಟ್ಟುಹೋಗುತ್ತಾರೆ. ಮಾತ್ರೆಗಳು ಬ್ಯಾಗಿನ ಪಕ್ಕದ ಜೇಬಿನಲ್ಲಿವೆ. ಶೂ ಹಾಕುವಾಗ ಸಹಾಯಕ್ಕೆ ಹೋಗಬೇಡ, ಎಷ್ಟೇ ಹೊತ್ತಾದರೂ.

ನನ್ನನ್ನೂ ಕರೆದಿದ್ದೀಯ, ಸಂತೋಷ. ಅಂಗಡಿ ಒಂದು ನೆಪ. ನಿಜ ಹೇಳುತ್ತೇನೆ, ಅವರು ಇಳಿಸಿದ್ದು ಒಂದೇ ಬ್ಯಾಗು. ನಾನೂ ಬರಲೇ ಎಂದು ಕೇಳಿ ಕಾದೆ. ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು, ತಲೆ ಮಾತ್ರ ಅಡ್ಡಕ್ಕೆ ಆಡಿಸಿದರು. ಈ ಸಲ ಅಡುಗೆಮನೆಗೆ ಓಡಲಿಲ್ಲ.

ಮನೆಯಲ್ಲಿ ಸದ್ದಿಲ್ಲದೆ ಬೇಜಾರಾಗುತ್ತದೆ ಎಂದು ಟೀಚರಮ್ಮ ಹೇಳುತ್ತಾರೆ. ಹಾಗೇನಿಲ್ಲ. ಮಾತೆಲ್ಲ ಮೊದಲೂ ನನ್ನದೇ ಇತ್ತು.

ಅತ್ತಿಗೆ

ಮೇ 4

ಪ್ರೀತಿಯ ಅತ್ತಿಗೆ,

ಅಣ್ಣ ಇಲ್ಲಿದ್ದಾನೆ. ತಿನ್ನುತ್ತಾನೆ, ನಡೆಯುತ್ತಾನೆ, ಶೂಗೆ ಕೈ ಹಾಕಲು ಹೋದವಳನ್ನು ಕಣ್ಣಲ್ಲೇ ಸುಟ್ಟ. ನೀವು ಹೇಳಿದ್ದೀರಿ, ನಾನು ನಂಬಿರಲಿಲ್ಲ.

ಇವತ್ತು ವೈದ್ಯೆಯ ಹತ್ತಿರ ಮೊದಲ ದಿನ. ಚಿಕ್ಕ ಕೋಣೆ, ಗೋಡೆಯ ಮೇಲೆ ನಾಲಗೆಯ ದೊಡ್ಡ ಚಿತ್ರ. ಆಕೆ ಅವನ ಹೆಸರು ಕೇಳಿದರು. ನಾನು ಹೇಳಿದೆ. ಊರು ಕೇಳಿದರು. ನಾನು ಹೇಳಿದೆ. ಕಾಯಿಲೆ ಶುರುವಾದದ್ದು ಹೇಗೆ ಎಂದು ಕೇಳಿದರು. ಅದನ್ನೂ ನಾನೇ ಹೇಳಿದೆ, ಆಸ್ಪತ್ರೆಯಲ್ಲಿ ಹತ್ತು ದಿನವಷ್ಟೇ ಇದ್ದವಳು, ಎಲ್ಲ ಕಂಡವಳ ಹಾಗೆ. ನಿಮಗೆ ನಾನು ಬರೆದ ಕಾಗದಗಳು ಒಂದೂ ನೆನಪಿಗೆ ಬರಲಿಲ್ಲ ನೋಡಿ. ಆಮೇಲೆ ಆಕೆ ಅವನ ಕಡೆ ತಿರುಗಿ, ನನ್ನನ್ನು ತೋರಿಸಿ, "ಇವರು ನಿಮಗೆ ಏನಾಗ್ಬೇಕು?" ಎಂದು ಕೇಳಿದರು. ನಾನು ಬಾಯಿ ತೆರೆದೆ.

ಅಣ್ಣ ಎಡಗೈ ಚಾಚಿ ನನ್ನ ಬಾಯಿ ಮುಚ್ಚಿದ.

ಒತ್ತಿಯೇ ಹಿಡಿದ. ಅವನ ಅಂಗೈ ಬೆಚ್ಚಗಿತ್ತು, ಮೂಗಿಗೂ ಅಡ್ಡ ಬಂದಿತ್ತು, ಉಸಿರಾಡಲು ಕಷ್ಟವಾಗುತ್ತಿತ್ತು. ವೈದ್ಯೆ ಪೆನ್ನು ಕೆಳಗಿಟ್ಟು ಕಾದರು. ನಾನೂ ಕಾದೆ, ಬೇರೆ ದಾರಿ ಏನಿತ್ತು? ಅವನ ಕತ್ತಿನ ನರಗಳು ಬಿಗಿದವು. ತುಟಿ ಮುಂದೆ ಬಂದು ಹಿಂದೆ ಹೋಯಿತು. ನಾಲಗೆ ಹಲ್ಲಿನ ಹಿಂದೆ ಎಲ್ಲೋ ಹುಡುಕಾಡಿತು. ಸಾಕು ಬಿಡು ಎಂದು ಹೇಳಬೇಕೆನಿಸಿತು, ಬಾಯಿ ನನ್ನ ವಶದಲ್ಲಿರಲಿಲ್ಲ.

ಕೊನೆಗೆ, "ತ" ಎಂದ.

ಅಷ್ಟೇ. ಮುಂದಕ್ಕೆ ಬರಲಿಲ್ಲ. ಅದು ತಂಗಿಯ "ತ" ಎಂದು ನಾನು ನಂಬಿದ್ದೇನೆ. ತಲೆಹರಟೆಯ "ತ" ಎಂದು ನಿಮಗೆ ಅನಿಸಬಹುದು. ಅವನನ್ನು ಕೇಳಿದರೆ ಸುಮ್ಮನೆ ನಗುತ್ತಾನೆ.

ನಿಮ್ಮ ನಾದಿನಿ